ಇಲಿ ಜ್ವರದ ನಾಡಿಗೆ ಕುದುರೆಗಣ್ಣಿನ ಪಾಠ

ಮಳೆಗಾಲದಲ್ಲಿ ಕೊಚ್ಚಿಯ ತೇವರ–ಪೇರಂಡೂರ್ ಕಾಲುವೆಯಾಗಲಿ ತಿರುವನಂತಪುರದ ಆಮಯಿಳಂಜಾನ್ ತೋಡಾಗಲಿ ಉಕ್ಕಿದಾಗ, ಇಲಿ ಹೆಗ್ಗಣಗಳ ಮೂತ್ರದಲ್ಲಿರುವ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ನೀರಿನಲ್ಲಿ ಬೆರೆತು, ಕೆಸರಿನಲ್ಲಿ ದುಡಿಯುವವರ ಕಾಲಿನ ಗಾಯ, ಬಿರುಕುಗಳ ಮೂಲಕ ದೇಹವನ್ನು ಸೇರಬಲ್ಲದು. ಕೇರಳದವರು ‘ಎಲಿಪ್ಪನಿ’ ಎನ್ನುವ ಈ ಇಲಿ ಜ್ವರ 2018ರ ಮಹಾಪೂರದ ಬೆನ್ನಿಗೇ ಹರಡಿದಾಗ ಸರ್ಕಾರ ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಹಂಚಿತು. ಯಕೃತ್ತು, ಮೂತ್ರಪಿಂಡಗಳಿಗೆ ಆಗುವ ಹಾನಿಯ ಕಡೆಗೇ ಎಲ್ಲರ ಗಮನ ಹರಿಯುವುದು ಸಹಜ. ಆದರೆ ಜ್ವರ ಬಿಟ್ಟು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಲವರ ಕಣ್ಣು ಕೆಂಪೇರಿ ದೃಷ್ಟಿ ಮಂಜಾಗುವುದುಂಟು. ಕಣ್ಣಿನೊಳಗಿನ ರಕ್ತನಾಳಭರಿತ ಪದರಕ್ಕೆ ತಗಲುವ ಈ ಉರಿಯೂತಕ್ಕೆ ಯೂವಿಯೈಟಿಸ್ ಎಂದು ಹೆಸರು. 1993ರ ನೆರೆಯ ನಂತರ ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಇಂಥ ರೋಗಿಗಳು ಒಟ್ಟೊಟ್ಟಿಗೆ ಬರತೊಡಗಿದಾಗ ಈ ನಂಟು ವೈದ್ಯಲೋಕದ ಕಣ್ಣಿಗೆ ಬಿತ್ತು.

ರೋಗಾಣುವನ್ನು ಎದುರಿಸಬೇಕಾದ ಪ್ರತಿರಕ್ಷಣಾ ವ್ಯವಸ್ಥೆ ತನ್ನದೇ ಕಣ್ಣಿನ ಮೇಲೆ ತಿರುಗಿಬೀಳುವ ಬಗೆಯನ್ನು ಮನುಷ್ಯರಲ್ಲಿ ಹಂತಹಂತವಾಗಿ ನೋಡಲಾಗದು. ಆದ್ದರಿಂದ ಪ್ರಯೋಗಾಲಯದಲ್ಲಿ ಲೂಯಿಸ್ ತಳಿಯ ಇಲಿಗಳಿಗೆ ಅಕ್ಷಿಪಟಲದ ಪ್ರೋಟೀನಾದ ಎಸ್-ಆಂಟಿಜೆನ್ನನ್ನು, ಪ್ರತಿರಕ್ಷಣೆಯನ್ನು ಕೆರಳಿಸುವ ಎಣ್ಣೆಯ ಮಿಶ್ರಣದೊಡನೆ ಚುಚ್ಚಿ, ಸುಮಾರು ಎರಡು ವಾರಗಳಲ್ಲಿ ಉರಿಯೂತ ಬರಿಸುತ್ತಾರೆ. ಸೈಕ್ಲೊಸ್ಪೊರಿನ್ ಔಷಧ 1980ರ ದಶಕದ ಆರಂಭದಲ್ಲಿ ಇಂಥ ಇಲಿಗಳಲ್ಲಿ ಗೆದ್ದ ಮೇಲೆಯೇ ಯೂವಿಯೈಟಿಸ್ ರೋಗಿಗಳಿಗೆ ಸಿಕ್ಕಿತು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಈ ಇಲಿಯ ಕಾಯಿಲೆ ಸಾಮಾನ್ಯವಾಗಿ ಒಮ್ಮೆ ಬಂದು ಅಡಗಿಬಿಡುತ್ತದೆ. ಮನುಷ್ಯರಲ್ಲಾದರೋ ಅನೇಕ ಬಗೆಯ ಯೂವಿಯೈಟಿಸ್ ಮರುಕಳಿಸುತ್ತಲೇ ಇರುತ್ತದೆ.

ಆ ಕೊರತೆಯನ್ನು ತುಂಬುವುದು ಕುದುರೆ. ಯಾರೂ ಚುಚ್ಚದೆಯೇ ಅದಕ್ಕೆ ಯೂವಿಯೈಟಿಸ್ ಬರುತ್ತದೆ, ಇಳಿಯುತ್ತದೆ, ಮತ್ತೆ ಕೆರಳಿ ಕೊನೆಗೆ ಕುರುಡಾಗಿಸುತ್ತದೆ. ಹಲವು ಪ್ರಕರಣಗಳಲ್ಲಿ ಅದರ ಹಿಂದಿರುವುದೂ ಇದೇ ಲೆಪ್ಟೊಸ್ಪೈರಾ. ಈ ಬ್ಯಾಕ್ಟೀರಿಯಾದ ಕೆಲವು ಪ್ರೋಟೀನುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಕುದುರೆಯ ಮಸೂರ ಮತ್ತು ಅಕ್ಷಿಪಟಲದ ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತವೆ. ಶತ್ರುವಿನ ವೇಷ ತೊಟ್ಟ ತಪ್ಪಿಗೆ ಮನೆಯವನೇ ಪೆಟ್ಟು ತಿಂದ ಹಾಗೆ. ಆದರೂ ಇದು ಬರೀ ಗುರುತಿನ ಗೊಂದಲವೆಂದು ತೀರ್ಮಾನಿಸುವುದು ಆತುರವಾದೀತು, ಏಕೆಂದರೆ ಕಾಯಿಲೆಯ ಕುದುರೆಗಳ ಕಣ್ಣುಗುಡ್ಡೆಯನ್ನು ತುಂಬಿರುವ ಲೋಳೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಸಿಕ್ಕಿವೆ, ಜರ್ಮನಿಯ ಪಶುವೈದ್ಯರು ಆ ಲೋಳೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದಾಗ ಹೆಚ್ಚಿನ ಕುದುರೆಗಳಲ್ಲಿ ಮರುಕಳಿಕೆ ನಿಂತಿದೆ. ದಕ್ಷಿಣ ಭಾರತದ ರೋಗಿಗಳ ಕಣ್ಣಿನ ದ್ರವದಲ್ಲೂ ಲೆಪ್ಟೊಸ್ಪೈರಾದ ಡಿಎನ್‌ಎ ಪತ್ತೆಯಾಗಿರುವುದರಿಂದ, ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಹನಿಗಳಷ್ಟೇ ಸಾಕೇ, ಜೊತೆಗೆ ಆಂಟಿಬಯಾಟಿಕ್ ಕೂಡ ಬೇಕೇ ಎಂಬ ಪ್ರಶ್ನೆ ಕೇರಳದ ಕಣ್ಣಿನ ವೈದ್ಯರ ಮಟ್ಟಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯುವುದಿಲ್ಲ.