ತಲೆಗೆ ಪೆಟ್ಟು, ನೋಟಕ್ಕೆ ಕುತ್ತು

ಮಕ್ಕಳೇ, ಒಂದು ಕೈಯನ್ನು ತಲೆಯ ಹಿಂಭಾಗದಲ್ಲಿ, ಕುತ್ತಿಗೆಗಿಂತ ಸ್ವಲ್ಪ ಮೇಲೆ ಇಟ್ಟು ನೋಡಿ. ಅದರ ಒಳಗಿರುವ ಮಿದುಳಿನ ಭಾಗವಿಲ್ಲದಿದ್ದರೆ ಈ ಅಕ್ಷರಗಳು ನಿಮಗೆ ಕಾಣುತ್ತಿರಲಿಲ್ಲ. ಕಣ್ಣು ಮುಂದಿದ್ದರೂ ನೋಟದ ಕೇಂದ್ರ ಇರುವುದು ಹಿಂದೆ. ನಡುವೆ ಉದ್ದಕ್ಕೂ ನರಗಳ ದಾರಿ. ಆದ್ದರಿಂದ ಕಣ್ಣಿಗೆ ಏನೂ ತಗುಲದೆ, ತಲೆಗೆ ಮಾತ್ರ ಪೆಟ್ಟು ಬಿದ್ದರೂ ನೋಟ ಕೆಡಬಹುದು. ಕಣ್ಣಿನ ವೈದ್ಯನಾದ ನಾನು ಮನೆಮನೆಗೂ ತಲುಪಿಸಬೇಕೆಂದಿರುವ ಮಾತು ಇದೇ.

ಇದನ್ನು ಜಗತ್ತಿಗೆ ತಿಳಿಸಿಕೊಟ್ಟವರಲ್ಲಿ ಜಪಾನಿನ ಕಣ್ಣಿನ ವೈದ್ಯ ತತ್ಸುಜಿ ಇನೌಯೆ ಒಬ್ಬರು. 1904–05ರಲ್ಲಿ ರಷ್ಯಾಕ್ಕೂ ಜಪಾನಿಗೂ ಯುದ್ಧವಾಯಿತು. ತಲೆಗೆ ಗುಂಡು ತಗುಲಿಯೂ ಬದುಕಿದ ಸೈನಿಕರ ದೃಷ್ಟಿ ಎಷ್ಟು ಹೋಗಿದೆ ಎಂದು ಅಳೆಯುವ ಕೆಲಸ ಅವರದು. ಪಿಂಚಣಿಗೆ ಆ ಲೆಕ್ಕ ಬೇಕಿತ್ತು. ಕಣ್ಣು ಚೆನ್ನಾಗಿದ್ದರೂ ಆ ಸೈನಿಕರಿಗೆ ಎದುರಿನ ದೃಶ್ಯದ ಒಂದು ಭಾಗ ಕಾಣುತ್ತಲೇ ಇರಲಿಲ್ಲ. ಗುಂಡು ಹೊಕ್ಕ ಜಾಗ, ಹೊರಟ ಜಾಗ ಎರಡನ್ನೂ ಅಳೆದು, ಮಿದುಳಿನಲ್ಲಿ ಎಲ್ಲಿ ಪೆಟ್ಟಾದರೆ ನೋಟದ ಯಾವ ಭಾಗ ಅಳಿಸಿಹೋಗುತ್ತದೆ ಎಂಬ ನಕ್ಷೆಯನ್ನೇ ಇನೌಯೆ ಮಾಡಿದರು. 1909ರಲ್ಲಿ ಅದು ಪ್ರಕಟವಾಯಿತು.

ನಮ್ಮ ಮನೆಗಳಲ್ಲಿ ಗುಂಡಿನ ಭಯವಿಲ್ಲ. ಆದರೆ ಸೀಬೆ ಮರವಿದೆ, ಸೈಕಲ್ಲಿದೆ, ಬಚ್ಚಲುಮನೆಯ ಒದ್ದೆ ನೆಲವಿದೆ. ಬಿದ್ದದ್ದನ್ನು ಮುಚ್ಚಿಡುವವರೂ ಇದ್ದಾರೆ. ಮೊಮ್ಮಗ ಬೈಗುಳಕ್ಕೆ ಹೆದರಿ ಹೇಳುವುದಿಲ್ಲ. ಅಜ್ಜಿ, ‘ಮಕ್ಕಳಿಗೆ ಯಾಕೆ ಸುಮ್ಮನೆ ತೊಂದರೆ’ ಎಂದು ಹೇಳುವುದಿಲ್ಲ.

ಸಾಲು ತಪ್ಪುವ ಹುಡುಗ

ಐದನೇ ತರಗತಿಯ ಹುಡುಗನೊಬ್ಬನನ್ನು ತಾತ ನನ್ನ ಬಳಿ ಕರೆತಂದಿದ್ದರು. ಓದುವಾಗ ಸಾಲು ತಪ್ಪುತ್ತಾನೆ, ಗಮನವೇ ಇಲ್ಲ ಎಂದು ಶಾಲೆಯಿಂದ ದೂರು. ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಅವನು ಸಲೀಸಾಗಿ ಓದಿದ. ಪೆನ್ನಿನ ತುದಿಯನ್ನು ನಿಧಾನವಾಗಿ ಅವನ ಮೂಗಿನ ಹತ್ತಿರ ತಂದೆ. ಎರಡೂ ಕಣ್ಣು ಒಟ್ಟಿಗೆ ಒಳಗೆ ತಿರುಗಬೇಕಾದಲ್ಲಿ ಒಂದು ಹೊರಗೆ ಜಾರಿತು. ‘ಎಲ್ಲಾದರೂ ಬಿದ್ದಿದ್ದೆಯೇನಪ್ಪಾ?’ ಎಂದು ಕೇಳಿದಾಗ ತಾತನ ಮುಖ ನೋಡಿ ತಲೆ ತಗ್ಗಿಸಿದ. ಎರಡು ವಾರದ ಹಿಂದೆ ಸೈಕಲ್ಲಿನಿಂದ ಬಿದ್ದಿದ್ದ!

ಇಂಥ ಪೆಟ್ಟಿನ ನಂತರ ಅಕ್ಷರ ಓಲಾಡಿದಂತಾಗಬಹುದು. ಬೋರ್ಡಿನಿಂದ ಪುಸ್ತಕಕ್ಕೆ ಕಣ್ಣು ತಂದಾಗ ಮಸುಕಾಗಬಹುದು, ಬೆಳಕು ಚುಚ್ಚಬಹುದು, ಸ್ವಲ್ಪ ಓದಿದರೂ ತಲೆನೋವು ಬರಬಹುದು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಕಣ್ಣಿನ ವ್ಯಾಯಾಮ ಬೇಕಾಗುತ್ತದೆ. ಅಲ್ಲಿಯವರೆಗೆ ಆ ಮಗುವನ್ನು ಸೋಮಾರಿ ಎನ್ನಬೇಡಿ.

ಎರಡಾಗಿ ಕಾಣುವ ಮೆಟ್ಟಿಲು

ಹಿರಿಯರು ಸಾಮಾನ್ಯವಾಗಿ ಕನ್ನಡಕವನ್ನು ದೂರುತ್ತಾರೆ. ಬಚ್ಚಲಿನಲ್ಲಿ ಜಾರಿ ಬಿದ್ದಿದ್ದ ಅಜ್ಜಿಯೊಬ್ಬರು ಕನ್ನಡಕದ ನಂಬರು ಬದಲಾಗಿದೆ ಎಂದೇ ಬಂದಿದ್ದರು. ಮೆಟ್ಟಿಲು ಇಳಿಯುವಾಗ ಮಾತ್ರ ಒಂದು ಮೆಟ್ಟಿಲು ಎರಡಾಗಿ ಕಾಣುತ್ತಿತ್ತು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಯೇ ಕುಳಿತಿದ್ದರು. ಕಣ್ಣನ್ನು ಆಡಿಸುವ ನರಗಳಲ್ಲಿ ಒಂದು ಬಹಳ ತೆಳುವಾದದ್ದು. ತಲೆಬುರುಡೆಯೊಳಗೆ ಉದ್ದ ದಾರಿ ಸಾಗುತ್ತದೆ. ಅದಕ್ಕೆ ಪೆಟ್ಟಾದರೆ ಹೀಗಾಗುತ್ತದೆ. ಹೊಸ ಕನ್ನಡಕ ಮಾಡಿಸಿ ಸುಮ್ಮನಾಗುವ ತೊಂದರೆಯಲ್ಲ ಇದು.

ಎರಡಾಗಿ ಕಂಡರೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಒಂದೇ ಆಗಿ ಕಂಡರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ಉತ್ತರ ಏನೇ ಬರಲಿ, ಅಂದೇ ವೈದ್ಯರಿಗೆ ತಿಳಿಸಿ.

ತಡವಾಗಿ ಬರುವ ಸೂಚನೆ

2019ರ ಆಗಸ್ಟಿನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಅಂದು ಅವರು ಮತ್ತೆ ಬಂದು ಬ್ಯಾಟ್ ಮಾಡಿದರು. ಮಾರನೆಯ ದಿನ ತೊಂದರೆ ಕಾಣಿಸಿಕೊಂಡಿತು. ಅವರ ಬದಲು ಮಾರ್ನಸ್ ಲಬುಷೇನ್ ಆಡಿದರು. ದೇಶಕ್ಕಾಗಿ ಆಡುವವರನ್ನೇ ಕೂರಿಸುತ್ತಾರೆಂದ ಮೇಲೆ, ಬೀದಿ ಕ್ರಿಕೆಟ್ಟಿನಲ್ಲಿ ತಲೆಗೆ ಪೆಟ್ಟು ತಿಂದವರು ಅಂದಿನ ಆಟ ಬಿಡಲೇಬೇಕು. ಮತ್ತೆ ಯಾವಾಗ ಆಡಬಹುದೆಂದು ವೈದ್ಯರು ಹೇಳಲಿ.

ವಯಸ್ಸಾದವರಲ್ಲಿ ಒಳಗೆ ನಿಧಾನವಾಗಿ ರಕ್ತ ಸೋರಿ, ಕೆಲವು ವಾರಗಳಾದ ಮೇಲೂ ತಲೆನೋವು, ಗೊಂದಲ, ನಡಿಗೆಯಲ್ಲಿ ತೂರಾಟ ಶುರುವಾಗಬಹುದು. ‘ಬಿದ್ದು ತಿಂಗಳಾಯಿತು, ಇನ್ನೇನು’ ಎನ್ನುವಂತಿಲ್ಲ.

ತಡಮಾಡದೆ ಆಸ್ಪತ್ರೆಗೆ

ತಲೆಗೆ ಪೆಟ್ಟಾದ ಮೇಲೆ ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ:

• ಕ್ಷಣಹೊತ್ತಾದರೂ ಎಚ್ಚರ ತಪ್ಪುವುದು, ಫಿಟ್ಸ್ ಬರುವುದು
• ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು
• ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಕೈಕಾಲಿನಲ್ಲಿ ಬಲ ಕುಂದುವುದು
• ದಿಢೀರನೆ ನೋಟ ಮಸುಕಾಗುವುದು, ಎರಡಾಗಿ ಕಾಣುವುದು, ಒಂದು ಪಕ್ಕ ಕಾಣದಿರುವುದು
• ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು
• ಕಿವಿ ಅಥವಾ ಮೂಗಿನಿಂದ ರಕ್ತ, ನೀರಿನಂಥ ದ್ರವ ಸೋರುವುದು

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಲೆಗೆ ಪೆಟ್ಟು ಬಿದ್ದರೆ, ಯಾವ ತೊಂದರೆ ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಣ್ಣಿನಲ್ಲಿ ಮಿಂಚು ಹೊಡೆದಂತೆ, ಕಪ್ಪು ಚುಕ್ಕೆಗಳು ತೇಲಿದಂತೆ, ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಹರಿದಿರಬಹುದು. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಕಣ್ಣಿಗೆ ಎಣ್ಣೆ ಬಿಡುವುದು, ಕಣ್ಣು ಉಜ್ಜುವುದು, ಕೈಗೆ ಸಿಕ್ಕ ನೋವಿನ ಮಾತ್ರೆ ನುಂಗುವುದು ಬೇಡ. ನೋಟ ಸರಿಹೋಗುವವರೆಗೆ ಸೈಕಲ್ಲು, ಸ್ಕೂಟರು ಮುಟ್ಟಬೇಡಿ.

ಇವತ್ತು ಊಟಕ್ಕೆ ಕುಳಿತಾಗ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ. ಮೊಮ್ಮಕ್ಕಳು ಬಿದ್ದೆ ಎಂದು ಹೇಳಿದರೆ ಅಜ್ಜ ಅಜ್ಜಿ ಬೈಯುವಂತಿಲ್ಲ. ಅಜ್ಜ ಅಜ್ಜಿ ಬಿದ್ದರೆ ಮೊಮ್ಮಕ್ಕಳಿಂದ ಮುಚ್ಚಿಡುವಂತಿಲ್ಲ. ಯಾರೇ ಬಿದ್ದರೂ ಇನ್ನೊಬ್ಬರು ಕೇಳಬೇಕಾದ ಮೊದಲ ಪ್ರಶ್ನೆ: ‘ಕಣ್ಣು ಸರಿಯಾಗಿ ಕಾಣಿಸ್ತಿದೆಯಾ?’