ಇಷ್ಟು ಬೇಗ ಕ್ಲಚ್ ಯಾಕೆ ಸವೀತು?

ಸ್ಪೋರ್ಟ್ಸ್ ಕಾರಿನ ಆಕ್ಸಿಲರೇಟರ್ ಒತ್ತಿದ್ರೆ
ಆರ್‌ಪಿಎಂ ಮಾತ್ರ ಏರುತ್ತಾ?
ಕಾರು ಮುಂದಕ್ಕೆ ನುಗ್ತಿಲ್ವಾ?
ಹಾಗಿದ್ರೆ ಕ್ಲಚ್ ಜಾರ್ತಿದೆ.

ಬಾವಿಯಿಂದ ಕೊಡ ಸೇದೋದನ್ನ ನೆನಪಿಸ್ಕೊಳ್ಳಿ.
ಹಗ್ಗ ಗಟ್ಟಿಯಾಗಿ ಹಿಡಿದ್ರೆ ಕೈಗೇನೂ ಆಗಲ್ಲ.
ಒಂದ್ಸಲ ಜಾರಿತೋ,
ಅಂಗೈ ಉರಿದುಹೋಗುತ್ತೆ!

ಇಲ್ಲಿ ಹಗ್ಗ ಅಂದ್ರೆ ಇಂಜಿನ್ ಜೊತೆ ತಿರುಗೋ ಫ್ಲೈವೀಲ್.
ಅಂಗೈ ಅಂದ್ರೆ ಕ್ಲಚ್ ಪ್ಲೇಟ್.

ಏರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರು ನಿಲ್ಲಿಸ್ತೀರಾ?
ಸಿಗ್ನಲ್ ಬಿಟ್ಟ ಕೂಡಲೇ
ಆರ್‌ಪಿಎಂ ಏರಿಸಿ ಚಿಮ್ಮಿಸ್ತೀರಾ?
ಆ ಬಿಸಿಗೆ ಪ್ಲೇಟ್ ಸವೆಯುತ್ತೆ.
ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತೆ.

ಆದ್ರೆ ತಪ್ಪು ಯಾವಾಗ್ಲೂ ಓಡಿಸೋರದ್ದೇ ಅಲ್ಲ.
1989ರ ಸುಮಾರಿಗೆ ಬಂದ ಪೋರ್ಶೆ 911,
964 ಅಂತಾರಲ್ಲ, ಅದು.
ಅದರ ಮೊದಮೊದಲ ಕಾರುಗಳ ಡ್ಯುಯಲ್ ಮಾಸ್, ಅಂದ್ರೆ ಎರಡು ಭಾಗಗಳ, ಫ್ಲೈವೀಲ್‌ನಲ್ಲಿ
ಅದುರಾಟ ತಡೆಯೋಕೆ ರಬ್ಬರ್ ಇತ್ತು.
ಆ ರಬ್ಬರೇ ಹಾಳಾಗ್ತಿತ್ತು!
ಆಮೇಲೆ ಉಕ್ಕಿನ ಸ್ಪ್ರಿಂಗ್ ಇರೋದು ಬಂತು.

ಅದಕ್ಕೇ ಹೇಳ್ತೀನಿ,
ಬರೀ ಪ್ಲೇಟ್ ಬದಲಿಸಿ ಸುಮ್ಮನಾಗ್ಬೇಡಿ.
ಹೇಗೂ ಗೇರ್‌ಬಾಕ್ಸ್ ಇಳಿಸಿರ್ತಾರೆ.
ಫ್ಲೈವೀಲನ್ನ ಕಣ್ಣಾರೆ ನೋಡಿ.
ಬಿರುಕಿದ್ಯಾ? ಅತಿಯಾಗಿ ಅಲುಗಾಡುತ್ತಾ?
ಬದಲಿಸಿಬಿಡಿ.
ರಿಲೀಸ್ ಬೇರಿಂಗ್ ಕೂಡ ಹೊಸದೇ ಹಾಕಿಸಿ.
ಇಂಜಿನ್ ಹಿಂದಿನ ಆಯಿಲ್ ಸೀಲ್ ಸೋರ್ತಿದ್ರೆ
ಅದನ್ನೂ ಬದಲಿಸಿ.
ಎಣ್ಣೆ ತಾಗಿದ್ರೆ ಹೊಸ ಪ್ಲೇಟೂ ಜಾರುತ್ತೆ!

ಹೊಸ ಕ್ಲಚ್ ಹಾಕಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್
ದಯವಿಟ್ಟು ಮೆತ್ತಗೆ ಓಡಿಸಿ.
ಗೇರ್ ಹಾಕಿ ಆಯ್ತಾ?
ಎಡಗಾಲನ್ನ ಪೆಡಲ್‌ನಿಂದ ಪೂರ್ತಿ ತೆಗೀರಿ.