ಹೃದಯ ನಿಂತಾಗ ಅಡ್ರಿನಲಿನ್: ಎಷ್ಟು ಉಪಯೋಗ?

ಪುಣೆಯ ಯೆರವಡಾ, ಆಗಾ ಖಾನ್ ಅರಮನೆ. 1942ರ ಆಗಸ್ಟ್ 15. ಇಲ್ಲಿ ಸೆರೆಯಲ್ಲಿದ್ದ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಇದ್ದಕ್ಕಿದ್ದಂತೆ ಕುಸಿದರು. ವಯಸ್ಸು ಬರೀ 50. ಡಾಕ್ಟರ್ ಸುಶೀಲಾ ನಯ್ಯರ್ ಅಲ್ಲೇ ಇದ್ದರು, ಆದರೂ ಜೀವ ಉಳಿಯಲಿಲ್ಲ. ಎದೆ ಒತ್ತಿ ರಕ್ತ ಹರಿಸುವ ವಿಧಾನ ವೈದ್ಯಲೋಕದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದದ್ದೇ 1960ರ ನಂತರ!

ಈಗ ಆ ಅರಮನೆಯ ಮುಂದಿನ ನಗರ ರಸ್ತೆಯಲ್ಲಿ ಯಾರಾದರೂ ಕುಸಿದರೆ 108 ಆಂಬುಲೆನ್ಸ್ ಇದೆ. ಮಹಾರಾಷ್ಟ್ರದಲ್ಲಿ ಇದು ಶುರುವಾಗಿದ್ದು 2014ರಲ್ಲಿ. ಅಡ್ವಾನ್ಸ್ಡ್ ಗಾಡಿ ಬಂದರೆ ಅದರಲ್ಲಿ ಡಾಕ್ಟರ್, ಡಿಫಿಬ್ರಿಲೇಟರ್, ವೆಂಟಿಲೇಟರ್, ಇಂಜೆಕ್ಷನ್ ಎಲ್ಲ ಇರುತ್ತೆ.

ಆದರೆ ಆ ಅಡ್ರಿನಲಿನ್ ಇಂಜೆಕ್ಷನ್ ಎಷ್ಟು ಕೆಲಸ ಮಾಡುತ್ತೆ? ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಡ್ರಿನಲಿನ್ ಪಡೆದವರಲ್ಲಿ 30 ದಿನ ಬದುಕಿದ್ದು ನೂರಕ್ಕೆ 3.2. ಬರೀ ಸಲೈನ್ ಪಡೆದವರಲ್ಲಿ 2.4. ಹೃದಯ ಮತ್ತೆ ಮಿಡಿಯಿತು, ಸರಿ. ಆದರೆ ಬದುಕುಳಿದವರಲ್ಲಿ ಮಿದುಳಿಗೆ ತೀವ್ರ ಪೆಟ್ಟಾದವರು ಅಡ್ರಿನಲಿನ್ ಗುಂಪಿನಲ್ಲೇ ಜಾಸ್ತಿ. ದಶಕಗಳಿಂದ ಕಣ್ಣುಮುಚ್ಚಿ ಕೊಡುತ್ತಿದ್ದ ಔಷಧಿ ಇದು!

ಹಾಗಾದರೆ ಎಷ್ಟು ಡೋಸು? ಎಷ್ಟು ಬೇಗ? ಯಾರಿಗೆ? ಬ್ರಿಟನ್ನಿನ ಉತ್ತರ ಪುಣೆಯ ನಗರ ರಸ್ತೆಯ ಟ್ರಾಫಿಕ್ಕಿಗೆ ಹೊಂದುತ್ತದೆ ಅಂತ ಹೇಳಲಾಗದು. ನಮ್ಮದೇ ಲೆಕ್ಕ ಬೇಕು: ಕುಸಿದದ್ದು ಎಷ್ಟೊತ್ತಿಗೆ, ಎದೆ ಒತ್ತಿದ್ದು ಯಾರು, ಶಾಕ್ ಕೊಟ್ಟದ್ದು ಯಾವಾಗ, ಮನೆಗೆ ನಡೆದು ಹೋದರೇ. ವಾರಂಗಲ್‌ನಲ್ಲಿ ಇಂಥ ದಾಖಲೆ ಇಟ್ಟು ತೋರಿಸಿದ್ದಾರೆ. ಪುಣೆ, ಬೆಂಗಳೂರಿಗೆ ಆಗದೇ?

ಸಂಶೋಧನೆ ಬರುವವರೆಗೆ, ಯಾರದಾದರೂ ಹೃದಯ ನಿಂತರೆ ನೀವು ಮಾಡಬೇಕಾದ್ದು ಇಷ್ಟೇ: 108ಕ್ಕೆ ಫೋನ್ ಮಾಡಿ, ಎದೆಯ ನಡುವೆ ಎರಡೂ ಕೈಯಿಟ್ಟು, ನಿಮಿಷಕ್ಕೆ 100ರಿಂದ 120 ಸಲ, ಗಟ್ಟಿಯಾಗಿ ಒತ್ತಿ. ಗಾಡಿ ಬರುವತನಕ ನಿಲ್ಲಿಸಬೇಡಿ.